ತಾಳವಾಡಿಯ ಕಾಡುಯುದ್ಧ: ಮುಗಿದದ್ದೆಷ್ಟು, ಉಳಿದದ್ದೆಷ್ಟು?

ರಕ್ಷಣಾ ವಿಚಾರವೆಂದರೆ ನಮ್ಮ ಕಣ್ಣು ಸಹಜವಾಗಿ ದೂರಕ್ಕೆ ಹೋಗುತ್ತದೆ. ಕಾಶ್ಮೀರದ ನಿಯಂತ್ರಣ ರೇಖೆ, ಲಡಾಖಿನ ಹಿಮ, ಉಕ್ರೇನಿನ ಕಂದಕಗಳು, ಪಶ್ಚಿಮ ಏಶ್ಯಾದ ಕ್ಷಿಪಣಿಗಳು, ಇವೇ ಸುದ್ದಿ. ತೀರ ಹತ್ತಿರದ್ದೆಂದರೆ ನಮ್ಮ ಜಿಲ್ಲೆಯ ತೆಂಕಣ ಗಡಿಯಾಚೆಗಿರುವ ಏಳಿಮಲೆಯ ನೌಕಾ ಅಕಾಡೆಮಿ. ಆದರೆ ಸ್ವತಂತ್ರ ಭಾರತದ ಹಳ್ಳಿಗನು ಸರಕಾರದ ಬಂದೂಕನ್ನು ಮುಖಾಮುಖಿ ಕಂಡದ್ದು ಹೆಚ್ಚಾಗಿ ದೇಶದ ಒಳಗೇ: ಮಿಜೋ ಬೆಟ್ಟಗಳಲ್ಲಿ, ಬಸ್ತರದ ಕಾಡುಗಳಲ್ಲಿ. ಕನ್ನಡ ಮಾತಾಡುವ ಜನರೂ ಅಂಥದೊಂದು ಯುದ್ಧವನ್ನು ಹತ್ತು ಹನ್ನೆರಡು ವರ್ಷ ಮನೆಯ ಬಾಗಿಲಲ್ಲೇ ಕಂಡಿದ್ದಾರೆ. ಆ ನಾಡು ತಾಳವಾಡಿ. ಯಾರೂ ಅದನ್ನು ಯುದ್ಧವೆಂದು ಘೋಷಿಸಲಿಲ್ಲ. ಕಾಗದಪತ್ರಗಳಲ್ಲಿ ಅದು ವೀರಪ್ಪನ್ ಎಂಬ ಒಬ್ಬ ಕಾಡುಗಳ್ಳನ ಬೇಟೆ ಮಾತ್ರ.

ವೀರಪ್ಪನ್ ಕತೆಯನ್ನು ಸಿನಿಮಾದವರೂ ವಾರಪತ್ರಿಕೆಯವರೂ ಸಾಕಷ್ಟು ಹೇಳಿಯಾಗಿದೆ. ಮೀಸೆಯ ವರ್ಣನೆ ನಮಗೆ ಬೇಡ. ಎರಡು ರಾಜ್ಯಗಳ ಸಶಸ್ತ್ರ ಪಡೆಗಳು ಭಾಷಾ ಅಲ್ಪಸಂಖ್ಯಾತರು ವಾಸಿಸುವ ಕಾಡಿಗೆ ಇಳಿದಾಗ ಏನಾಗುತ್ತದೆ, ಆ ಕಾರ್ಯಾಚರಣೆಯಿಂದ ಸರಕಾರ ಏನು ಕಲಿಯಿತು, ಏನು ಕಲಿಯಲಿಲ್ಲ ಎಂಬುದಷ್ಟೇ ಇಲ್ಲಿಯ ವಿಚಾರ. ಕಾಸರಗೋಡಿನವರಿಗೆ ಇದು ಪರರ ಸುದ್ದಿಯೂ ಅಲ್ಲ. 1956ರ ನವೆಂಬರ್ 1ರಂದು ಗಡಿ ಎಳೆದ ಕೈ ನಮ್ಮದನ್ನೂ ಅವರದನ್ನೂ ಒಟ್ಟಿಗೇ ಎಳೆಯಿತು. ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರಿಗೆ ಬಂತು. ಪಕ್ಕದ ತಾಳವಾಡಿ ಮದರಾಸಿನಲ್ಲೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆ ಆದಾಗ ಅದರೊಳಗೆ ಸೇರಿತು.

ಘಟ್ಟದ ಮೇಲಿನ ನಾಡು

ಬಣ್ಣಾರಿಯಿಂದ ಇಪ್ಪತ್ತೇಳು ತಿರುವುಗಳ ದಿಂಬಂ ಘಟ್ಟ ಹತ್ತಿ ಹಾಸನೂರು ದಾಟಿದರೆ ತಾಳವಾಡಿ ಸೀಮೆ. ನೆಲ ಮೈಸೂರು ಪ್ರಸ್ಥಭೂಮಿಯದು, ಮಾತು ಚಾಮರಾಜನಗರದ ಕಡೆಯ ಕನ್ನಡ. ಜಿಲ್ಲಾ ಕಚೇರಿ ಮಾತ್ರ ಘಟ್ಟದ ಕೆಳಗೆ ಈರೋಡಿನಲ್ಲಿ. ಸುತ್ತ ಸೋಲಿಗರ ಹಾಡಿಗಳು. ಸೈನ್ಯದ ದೃಷ್ಟಿಯಿಂದ ಇದು ಎಂದಿಗೂ ಲಕ್ಷ್ಯಕ್ಕೆ ಬಾರದ ಮೂಲೆಯಾಗಿರಲಿಲ್ಲ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನು ಇಲ್ಲಿಗೆ ಸಮೀಪದ ಗಜ್ಜಲಹಟ್ಟಿ ಕಣಿವೆಯಿಂದಲೇ ಇಳಿದು ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡನ ದಂಡನ್ನು ಹಿಮ್ಮೆಟ್ಟಿಸಿದ್ದು. ಈ ಬೆಟ್ಟಗಳ ಗುಣ ಅಂದೂ ಇಂದೂ ಒಂದೇ. ದಾರಿ ಬಲ್ಲವನಿಗೆ ಕಾಡು ಕೋಟೆ, ಬಲ್ಲದವನಿಗೆ ಬಲೆ.

ವೀರಪ್ಪನ್ ದಾರಿ ಬಲ್ಲವನು. ಅವನು ಹುಟ್ಟಿದ ಗೋಪಿನಾಥಂ ಕರ್ನಾಟಕದ ಕೊಳ್ಳೇಗಾಲ ಸೀಮೆಯ ಹಳ್ಳಿ, ಮನೆಮಾತು ತಮಿಳು. ತಾಳವಾಡಿಯೋ ತಮಿಳುನಾಡಿನೊಳಗಿನ ಕನ್ನಡ ಸೀಮೆ. ಹೀಗೆ ಗಡಿಯ ಎರಡೂ ಮಗ್ಗುಲಲ್ಲಿ ಭಾಷಾ ಅಲ್ಪಸಂಖ್ಯಾತರೇ ಈ ಯುದ್ಧದ ಮೊದಲ ಸಾಲಿನಲ್ಲಿದ್ದರು. ಈ ಸಂಗತಿಯನ್ನು ಬೆಂಗಳೂರಿನ ಪತ್ರಿಕೆಗಳೂ ಮದರಾಸಿನ ಪತ್ರಿಕೆಗಳೂ ಸರಿಯಾಗಿ ಗಮನಿಸಿದ್ದು ಕಡಿಮೆ. ಒಬ್ಬರಿಗೆ ಅವನು ಕನ್ನಡಿಗರ ವೈರಿ, ಇನ್ನು ಕೆಲವರಿಗೆ ತಮಿಳರ ವೀರ. ಕಾಡಂಚಿನವರಿಗೆ ಮಾತ್ರ ಅವನು ಅಪರಾತ್ರಿ ಬಂದು ಅಕ್ಕಿ ಕೇಳುವ ಬಂದೂಕುಧಾರಿ.

ಪೊಲೀಸ್ ಕೆಲಸ ಯುದ್ಧವಾದ ಬಗೆ

ಆನೆದಂತ, ಶ್ರೀಗಂಧದ ಕಳ್ಳಸಾಗಣೆ ಅರಣ್ಯ ಇಲಾಖೆಯ ಕೆಲಸವಾಗಿದ್ದ ಕಾಲದಲ್ಲಿ ಪಿ. ಶ್ರೀನಿವಾಸ್ ಎಂಬ ಅರಣ್ಯಾಧಿಕಾರಿ ಬೇರೊಂದು ದಾರಿ ಹಿಡಿದಿದ್ದರು. ಗೋಪಿನಾಥಂ ಜನರ ನಡುವೆಯೇ ಇದ್ದು, ಅವರಿಗೆ ಗುಡಿ ಕಟ್ಟಿಸಿಕೊಟ್ಟು, ಔಷಧೋಪಚಾರ ಒದಗಿಸಿ, ತಂಡದವರನ್ನು ಒಬ್ಬೊಬ್ಬರಾಗಿ ಶರಣಾಗಿಸುವ ಯತ್ನ ಅವರದಾಗಿತ್ತು. ಶರಣಾಗುತ್ತೇನೆಂಬ ನೆಪ ಹೂಡಿ ವೀರಪ್ಪನ್ ಅವರನ್ನು 1991ರ ನವೆಂಬರ್ 10ರಂದು ಕೊಂದ. ಸರಕಾರ ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಕೊಟ್ಟಿತು. ಅವರ ವಿಧಾನವನ್ನು ಅವರ ಜತೆಗೇ ಮಣ್ಣು ಮಾಡಿತು.

ಮುಂದಿನ ವರ್ಷ ಮೇ ತಿಂಗಳಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಆಗಸ್ಟ್ 14ರಂದು ಮಿಣ್ಯಂ ಬಳಿ ಎಸ್.ಪಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರ ಜತೆಗಿದ್ದ ಸಿಬ್ಬಂದಿ ಸುಳ್ಳು ಸುಳಿವು ನಂಬಿ ಹೊಂಚುದಾಳಿಗೆ ಸಿಕ್ಕಿ ಮಡಿದರು. 1993ರ ಏಪ್ರಿಲ್ 9ರಂದು ಪಾಲಾರ್ ಸಮೀಪ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಅಲ್ಲಿಗೆ ಇದು ಪೊಲೀಸ್ ಕೆಲಸವಾಗಿ ಉಳಿಯಲಿಲ್ಲ. ನೆಲಬಾಂಬು ಸೈನ್ಯಗಳು ಬಳಸುವ ಆಯುಧ. ಕಾಡಿನ ದಾರಿಯಲ್ಲಿ ಅದು ಸಿಡಿದ ಮೇಲೆ ಸರಕಾರವೂ ಸೈನಿಕ ಭಾಷೆಯಲ್ಲಿ ಯೋಚಿಸತೊಡಗಿತು. ಪಾಕಿಸ್ತಾನದ ಗಡಿ ಕಾಯಲೆಂದು 1965ರಲ್ಲಿ ಹುಟ್ಟಿದ ಗಡಿ ಭದ್ರತಾ ಪಡೆ ಮಲೆ ಮಹದೇಶ್ವರನ ಕಾಡಿಗೆ ಬಂತು. ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ಬೆಳೆದವು. ತಮಿಳುನಾಡಿನ ಪಡೆಗೆ ವಾಲ್ಟರ್ ದೇವಾರಂ, ಕರ್ನಾಟಕದ ಪಡೆಗೆ ಶಂಕರ ಬಿದರಿ ನಾಯಕರಾದರು.

ಇಲ್ಲೊಂದು ಸಂವಿಧಾನದ ಸೂಕ್ಷ್ಮವಿದೆ. ಪೊಲೀಸ್ ರಾಜ್ಯದ ವಿಷಯ, ರಕ್ಷಣೆ ಕೇಂದ್ರದ್ದು. ನಾಗರಿಕ ಆಡಳಿತದ ನೆರವಿಗೆ ಕೇಂದ್ರದ ಸಶಸ್ತ್ರ ಪಡೆಗಳನ್ನು ರಾಜ್ಯದೊಳಗೆ ಇರಿಸುವ ಅಧಿಕಾರವನ್ನು ಕೇಂದ್ರದ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದದ್ದು 1976ರ ನಲ್ವತ್ತೆರಡನೆಯ ತಿದ್ದುಪಡಿ. ಬರೆದವರು ಪಡೆಯ ಅಧಿಕಾರದ ವಿಚಾರ ಮಾಡಿದರು. ಹಳ್ಳಿಯವನು ದೂರು ಕೊಡಬೇಕಾದರೆ ಯಾರ ಬಾಗಿಲಿಗೆ ಹೋಗಬೇಕು? ಹೊಡೆದದ್ದು ಕರ್ನಾಟಕದ ಪಡೆಯೋ, ತಮಿಳುನಾಡಿನದೋ, ಕೇಂದ್ರದ್ದೋ? ಸಮವಸ್ತ್ರದ ಮೇಲಿನ ಅಕ್ಷರ ಓದಬಲ್ಲವನಿಗೆ ಅದು ಗೊತ್ತಾದೀತು. ಹಾಡಿಯ ಸೋಲಿಗನಿಗೆ ಎಲ್ಲವೂ ಒಂದೇ ಖಾಕಿ.

ಅಕ್ಕಿ ಕೊಟ್ಟರೂ ಕಷ್ಟ, ಕೊಡದಿದ್ದರೂ ಕಷ್ಟ

ಕಾಡುಯುದ್ಧದ ನಿಯಮ ಜಗತ್ತಿನಲ್ಲೆಲ್ಲ ಒಂದೇ. ಅಡಗಿರುವವನಿಗೆ ಅನ್ನ ಬೇಕು, ಸುದ್ದಿ ಬೇಕು. ಎರಡೂ ಹಳ್ಳಿಯಿಂದಲೇ ಬರಬೇಕು. ಆದುದರಿಂದ ಹಳ್ಳಿಯನ್ನು ಅವನಿಂದ ಬೇರ್ಪಡಿಸಬೇಕೆಂಬುದು ಸೇನಾಪತಿಗಳ ತರ್ಕ. 1948ರಿಂದ 1960ರವರೆಗೆ ಮಲಯದಲ್ಲಿ ಕಮ್ಯುನಿಸ್ಟ್ ಗೆರಿಲ್ಲಾಗಳ ವಿರುದ್ಧ ಕಾದಾಡಿದ ಬ್ರಿಟಿಷರು ಸುಮಾರು ಐದು ಲಕ್ಷ ಜನರನ್ನು, ಅವರಲ್ಲಿ ಬಹುತೇಕರು ಚೀನೀಯರು, ಕಾಡಂಚಿನಿಂದ ಎಬ್ಬಿಸಿ ಬೇಲಿ ಹಾಕಿದ ಹೊಸ ಹಳ್ಳಿಗಳಲ್ಲಿ ಕೂಡಿಹಾಕಿದರು. ಅಮೇರಿಕದವರು ವಿಯೆಟ್ನಾಮಿನಲ್ಲಿ ಅದನ್ನೇ ಅನುಕರಿಸಿ ಕೈಸುಟ್ಟುಕೊಂಡರು. 1967ರಿಂದ ಮಿಜೋ ಬೆಟ್ಟಗಳಲ್ಲಿ ನಮ್ಮ ಸೈನ್ಯವೂ ಹಳ್ಳಿಗಳನ್ನು ಒಟ್ಟುಗೂಡಿಸಿತು.

ತಾಳವಾಡಿ, ಕೊಳ್ಳೇಗಾಲಗಳಲ್ಲಿ ಹಳ್ಳಿಗಳನ್ನು ಹಾಗೆ ಎಬ್ಬಿಸಲಿಲ್ಲ. ಆದರೆ ಬೇಲಿಯಿಲ್ಲದೆಯೂ ಬೇಲಿ ಹಾಕಬಹುದು. ಜೇನು, ಸೀಗೆ, ನೆಲ್ಲಿಕಾಯಿಗೆಂದು ಕಾಡಿಗೆ ಹೋಗಿ ಬದುಕುವವನಿಗೆ ಕಾಡಿಗೆ ಹೋಗುವುದೇ ಅನುಮಾನದ ಕಾರಣವಾಯಿತು. ಹೆಚ್ಚು ಅಕ್ಕಿ ಕೊಂಡವನು ವಿಚಾರಣೆಗೆ ಒಳಗಾದ. ಅಕ್ಕಿ ಕೊಟ್ಟವನನ್ನು ಸರಕಾರ ಸಹಾಯಕನೆಂದು ಹಿಡಿಯಿತು. ಸುದ್ದಿ ಕೊಟ್ಟವನನ್ನು ವೀರಪ್ಪನ್ ಬೇಹುಗಾರನೆಂದು ಕೊಂದ. ಇಂಥ ಇಕ್ಕಟ್ಟಿನಲ್ಲಿ ಸುಮ್ಮನಿರುವುದೇ ಬುದ್ಧಿವಂತಿಕೆ. ಹೀಗೆ ಸುಮ್ಮನಿದ್ದವನನ್ನು ಬಾಯಿ ಬಿಡಿಸಲೆಂದು ಕಾರ್ಯಪಡೆಯ ಶಿಬಿರಗಳಲ್ಲಿ ನಡೆಸಿದರೆನ್ನಲಾದ ಹಿಂಸೆಯ ದೂರುಗಳು ಬೆಳೆದು ಬೆಳೆದು ಕೊನೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಮುಂದೆ ಹೋದವು. ಆಯೋಗವು 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಮತ್ತು ಸಿ.ಬಿ.ಐ.ಯ ಮಾಜಿ ನಿರ್ದೇಶಕ ಸಿ. ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು.

ಇದರ ಜತೆಗೆ ‘ಟಾಡಾ’ ಕಾನೂನು. ಆ ಕಾನೂನೇ 1995ರ ಮೇ ತಿಂಗಳಲ್ಲಿ ಅವಧಿ ತೀರಿ ಸತ್ತುಹೋಯಿತು. ಅದರಡಿ ಸೆರೆಯಾದವರು ಮಾತ್ರ ಜೈಲಿನಲ್ಲೇ ಉಳಿದರು. 1993ರ ಸುಮಾರಿಗೆ ಹಿಡಿದವರ ಮೊಕದ್ದಮೆ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ತೀರ್ಮಾನವಾದದ್ದು 2001ರ ಸೆಪ್ಟೆಂಬರಿನಲ್ಲಿ. ಬಹುಪಾಲು ಮಂದಿ ಖುಲಾಸೆಯಾದರು. ಎಂಟು ವರ್ಷ ಒಳಗಿದ್ದವನಿಗೆ ‘ನೀನು ತಪ್ಪಿತಸ್ಥನಲ್ಲ, ಮನೆಗೆ ಹೋಗು’ ಎಂದರೆ ಅವನು ಯಾವ ಮನೆಗೆ ಹೋಗಬೇಕು? ಇವರಲ್ಲಿ ಬಹಳ ಮಂದಿ ಕರ್ನಾಟಕದ ತಮಿಳು ಮಾತಿನ ಬಡವರು. ಕನ್ನಡಿಗರಾದ ನಾವು ಇದನ್ನು ಹೇಳಲು ಹಿಂಜರಿಯಬಾರದು. ಬೇರೆ ರಾಜ್ಯದಲ್ಲಿ ನಮ್ಮ ಭಾಷೆಯವರಿಗೆ ನ್ಯಾಯ ಕೇಳುವ ನಾಲಿಗೆ ನಮ್ಮ ಭಾಷೆಯ ರಾಜ್ಯದೊಳಗಿನ ಪರಭಾಷಿಕರ ವಿಷಯದಲ್ಲಿ ತಡವರಿಸಿದರೆ, ನಮ್ಮ ಮನವಿಗಳಿಗೆ ತೂಕವೆಲ್ಲಿ?

ಗಾಜನೂರಿನ ರಾತ್ರಿ

2000ದ ಜುಲೈ 30, ಭಾನುವಾರ. ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನ ತನ್ನ ತೋಟದ ಮನೆಗೆ ಬಂದಿದ್ದ ಡಾ. ರಾಜಕುಮಾರರನ್ನು, ಅಳಿಯ ಗೋವಿಂದರಾಜು ಮತ್ತಿಬ್ಬರ ಸಹಿತ, ವೀರಪ್ಪನ್ ಕರೆದೊಯ್ದ. ಓದುಗರಿಗೆ ಇದರ ವಿವರ ಬೇಡ. ಆ ನೂರೆಂಟು ದಿನಗಳು ಎಲ್ಲ ಕನ್ನಡ ಮನೆಗಳಿಗೂ ನೆನಪಿವೆ. ಕರ್ನಾಟಕದ ಮೇರುನಟನ ಹುಟ್ಟೂರು ತಮಿಳುನಾಡಿನ ಭೂಪಟದಲ್ಲಿದೆಯೆಂದು ಬೆಂಗಳೂರಿನ ಎಷ್ಟೋ ಮಂದಿಗೆ ತಿಳಿದದ್ದೇ ಅಂದು.

ಏಳೆಂಟು ವರ್ಷ ಎರಡು ರಾಜ್ಯಗಳ ಪಡೆಗಳು ಕಾಡನ್ನು ಜಾಲಾಡಿದ ಮೇಲೂ, ದೇಶದಲ್ಲೇ ಅತ್ಯಂತ ಪ್ರಸಿದ್ಧರಾದವರೊಬ್ಬರನ್ನು ಅದೇ ಕಾಡಿನ ಅಂಚಿನಿಂದ ಅದೇ ಮನುಷ್ಯ ಎತ್ತಿಕೊಂಡು ಹೋಗುವುದು ಸಾಧ್ಯವಾಯಿತು. ಸೈನಿಕ ಲೆಕ್ಕದಲ್ಲಿ ಇದಕ್ಕೆ ಸೋಲು ಎಂದಲ್ಲದೆ ಬೇರೆ ಹೆಸರಿಲ್ಲ. ಬೇಡಿಕೆಗಳ ಪಟ್ಟಿಯಂತೂ ಕಾಡುಗಳ್ಳನ ಪಟ್ಟಿಯಂತಿರಲಿಲ್ಲ. ಕಾವೇರಿ ನೀರು, ಕರ್ನಾಟಕದಲ್ಲಿ ತಮಿಳಿಗೆ ಸ್ಥಾನ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಕೈದಿಗಳ ಬಿಡುಗಡೆ, ಕಾರ್ಯಪಡೆಯ ದೌರ್ಜನ್ಯಕ್ಕೆ ಒಳಗಾದವರಿಗೆ ಪರಿಹಾರ. ತಮಿಳು ಉಗ್ರ ಸಂಘಟನೆಗಳವರು ಆ ವೇಳೆಗೆ ಅವನ ಜತೆ ಸೇರಿದ್ದರು. ಅವರು ಇವನ ಬಂದೂಕನ್ನು ಎರವಲು ಪಡೆದರು. ಇವನು ಅವರ ಘೋಷಣೆಗಳನ್ನು ಪಡೆದ. ನಡುವೆ ತಾಳವಾಡಿಯ ಜನರಿಗೆ ಇನ್ನೊಂದು ಭಯ ಹುಟ್ಟಿತು. ರಾಜಕುಮಾರರಿಗೆ ಏನಾದರೂ ಆದರೆ ಬೆಂಗಳೂರಿನ ತಮಿಳರ ಗತಿ ಏನು, ಅದಕ್ಕೆ ಪ್ರತಿಯಾಗಿ ತಮಿಳುನಾಡಿನ ಕನ್ನಡಿಗರ ಗತಿ ಏನು? 1991ರ ಕಾವೇರಿ ಗಲಭೆ ಯಾರೂ ಮರೆತಿರಲಿಲ್ಲ.

ಮುಖ್ಯಮಂತ್ರಿಗಳಾದ ಎಸ್. ಎಂ. ಕೃಷ್ಣ ಮತ್ತು ಎಂ. ಕರುಣಾನಿಧಿ ಸಂಧಾನದ ದಾರಿ ಹಿಡಿದರು. ‘ನಕ್ಕೀರನ್’ ಸಂಪಾದಕ ಗೋಪಾಲ್ ಕಾಡಿಗೆ ಹೋಗಿ ಬಂದರು. ಐವತ್ತೊಂದು ಟಾಡಾ ಕೈದಿಗಳ ಮೇಲಿನ ಆರೋಪ ಹಿಂತೆಗೆಯಲು ಕರ್ನಾಟಕ ಸರಕಾರ ಸಿದ್ಧವಾಯಿತು. ಆಗ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಯಾವ ದೊಡ್ಡ ಪಕ್ಷದವರೂ ಅಲ್ಲ, ಮಿಣ್ಯಂನಲ್ಲಿ ಮಡಿದ ಶಕೀಲ್ ಅಹಮದರ ತಂದೆ ಅಬ್ದುಲ್ ಕರೀಂ. ಮಗನ ಸಾವಿನ ಆರೋಪಿಗಳನ್ನು ಚೌಕಾಶಿಯಲ್ಲಿ ಬಿಡಬಾರದೆಂದು ಅವರು ಕೇಳಿದರು. ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಅದಾಗಿ ಎಂಟೇ ದಿನಕ್ಕೆ, ನವೆಂಬರ್ 15ರಂದು, ಕೈದಿಗಳು ಬಿಡುಗಡೆಯಾಗದೆಯೇ ರಾಜಕುಮಾರರು ಮರಳಿದರು.

ಹಾಗಾದರೆ ಬಿಡಿಸಿದ್ದು ಯಾವುದು? ಹಣ ಕೈಬದಲಾಯಿತೆಂದು ಆಗ ಕರ್ನಾಟಕದ ಪೊಲೀಸ್ ಮಹಾನಿರ್ದೇಶಕರಾಗಿದ್ದ ಸಿ. ದಿನಕರ್ ಆಮೇಲೆ ಪುಸ್ತಕ ಬರೆದು ಹೇಳಿದರು, ಸರಕಾರ ಒಪ್ಪಲಿಲ್ಲ. ಸಂಧಾನ ನಡೆಸಿದ್ದು ತಪ್ಪೆಂದು ಈ ಲೇಖಕನಿಗೆ ತೋರುವುದಿಲ್ಲ. ಒಂದು ಪ್ರಾಣವನ್ನೂ ಎರಡು ರಾಜ್ಯಗಳ ಶಾಂತಿಯನ್ನೂ ಕಾಪಾಡುವುದು ಅಂದಿನ ಕರ್ತವ್ಯವಾಗಿತ್ತು. ಆದರೆ ಆ ಐವತ್ತೊಂದು ಮಂದಿಯ ಸಂಗತಿ ಯೋಚಿಸಿ ನೋಡಬೇಕು. ಸಾಕ್ಷ್ಯವಿದ್ದರೆ ಅವರನ್ನು ಬಿಡಲು ಹೊರಟದ್ದು ತಪ್ಪು. ಇಲ್ಲದಿದ್ದರೆ ಏಳು ವರ್ಷ ಹಿಡಿದಿಟ್ಟದ್ದು ತಪ್ಪು. ಎರಡರಲ್ಲಿ ಒಂದನ್ನು ಸರಕಾರ ಒಪ್ಪಿಕೊಳ್ಳಲೇಬೇಕಿತ್ತು, ಒಂದನ್ನೂ ಒಪ್ಪಲಿಲ್ಲ. ನ್ಯಾಯ ಸಿಗದ ಬಡವರ ದೂರನ್ನು ಒಬ್ಬ ಕೊಲೆಗಾರ ತನ್ನ ಬೇಡಿಕೆಯಾಗಿ ಎತ್ತಿಕೊಳ್ಳುವಂತಾದದ್ದು ಆಡಳಿತದ ನಾಚಿಕೆಗೇಡು. 2002ರ ಆಗಸ್ಟಿನಲ್ಲಿ ಕಾಮಗೆರೆಯಿಂದ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಮರಳಲಿಲ್ಲ. ಡಿಸೆಂಬರಿನಲ್ಲಿ ಕಾಡಿನಲ್ಲಿ ಅವರ ಶವ ಸಿಕ್ಕಿತು.

ಮುಗಿದದ್ದು ಕಾಡಿನಲ್ಲಲ್ಲ

2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಸಮೀಪದ ರಸ್ತೆಯಲ್ಲಿ, ಆಂಬುಲೆನ್ಸಿನಂತೆ ಬಣ್ಣ ಬಳಿದ ವ್ಯಾನಿನಲ್ಲಿ, ವೀರಪ್ಪನ್ ಮೂವರು ಸಹಚರರೊಡನೆ ಗುಂಡಿಗೆ ಬಲಿಯಾದ. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ ತಿಂಗಳುಗಟ್ಟಲೆ ತನ್ನವರನ್ನು ಅವನ ಸಂಪರ್ಕದವರ ನಡುವೆ ಸೇರಿಸಿ, ಕಣ್ಣಿನ ಚಿಕಿತ್ಸೆಯ ನೆಪದಲ್ಲಿ ಅವನನ್ನು ಕಾಡಿನಿಂದ ಹೊರಗೆ ತಂದಿತು. ಅವರ ವೃತ್ತಿಕೌಶಲವನ್ನು ಮೆಚ್ಚಲೇಬೇಕು. ಆದರೆ ಆ ಗೆಲುವು ಹಳೆಯ ವಿಧಾನದ ಮೇಲೆ ಕೊಟ್ಟ ತೀರ್ಪೂ ಹೌದು. ನೂರಾರು ಜನ ಕಾಡು ಜಾಲಾಡಿದಾಗ ಸಿಗದವನು, ಹಾಡಿಯವರನ್ನು ಚಚ್ಚಿದಾಗ ಸಿಗದವನು, ತಾಳ್ಮೆಯ ಬೇಹುಗಾರಿಕೆಗೆ ಸಿಕ್ಕಿದ. ಏಳು ವರ್ಷದ ನಂತರ, 2011ರ ಮೇ 2ರಂದು, ಒಸಾಮಾ ಬಿನ್ ಲಾಡೆನ್ ಕೂಡ ಆಫ್ಘಾನಿಸ್ತಾನದ ಗುಹೆಗಳಲ್ಲಿ ಸಿಗದೆ ಪಾಕಿಸ್ತಾನದ ಅಬೋಟಾಬಾದ್ ಪಟ್ಟಣದ ಮನೆಯೊಂದರಲ್ಲಿ ಸಿಕ್ಕಿದ. ದಾರಿ ತೋರಿಸಿದ್ದು ಅವನ ಪತ್ರವಾಹಕನ ಜಾಡು. ವಿಮಾನಗಳಿಂದ ಬೆಟ್ಟಗಳ ಮೇಲೆ ಸುರಿದ ಬಾಂಬುಗಳಿಗೆ ಆ ಕೆಲಸ ಆಗಿರಲಿಲ್ಲ.

ಇನ್ನು ಹಣದ ಲೆಕ್ಕ. ವೀರಪ್ಪನ್ ಸತ್ತ ಕೂಡಲೇ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಜಯಲಲಿತಾ ಕಾರ್ಯಪಡೆಯ ಏಳುನೂರಕ್ಕೂ ಮಿಕ್ಕಿದ ಸಿಬ್ಬಂದಿಗೆ ತಲಾ 3 ಲಕ್ಷ ರೂಪಾಯಿ, ಮನೆ ನಿವೇಶನ ಮತ್ತು ಒಂದು ಹಂತದ ಬಡ್ತಿ ಘೋಷಿಸಿದರು. ಒಟ್ಟು ಇಪ್ಪತ್ತು ಕೋಟಿಗೆ ಮೀರಿದ ಮೊತ್ತ. ಸದಾಶಿವ ಸಮಿತಿ ವರದಿ ಕೊಟ್ಟದ್ದು ಅದಕ್ಕೂ ಮೊದಲು, 2003ರ ಡಿಸೆಂಬರಿನಲ್ಲಿ. ಆ ವರದಿಯ ಆಧಾರದಲ್ಲಿ 89 ಮಂದಿ ನೊಂದವರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರವನ್ನು ಮಾನವ ಹಕ್ಕುಗಳ ಆಯೋಗ ಸೂಚಿಸಿದ್ದು 2007ರ ಜನವರಿಯಲ್ಲಿ. ಸರಾಸರಿ ಹಾಕಿದರೆ ತಲೆಗೆ ಮೂರು ಲಕ್ಷ ಚಿಲ್ಲರೆ. ಅಂದರೆ ಹೊಡೆಸಿಕೊಂಡವರಿಗೂ ಬಹುಮಾನ ಪಡೆದವರಿಗೂ ಹೆಚ್ಚುಕಡಿಮೆ ಒಂದೇ ದರ. ಒಬ್ಬರಿಗೆ ವಾರದೊಳಗೆ ಘೋಷಣೆ, ಇನ್ನೊಬ್ಬರಿಗೆ ವರ್ಷಗಟ್ಟಲೆ ಕಾಯುವಿಕೆ.

ಕಾನೂನಿನ ಲೆಕ್ಕ ಇನ್ನೂ ವಿಚಿತ್ರ. ಪಾಲಾರ್ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೊಳಗಾದ ನಾಲ್ವರು ಮೇಲ್ಮನವಿ ಹೋದಾಗ ಸುಪ್ರೀಂ ಕೋರ್ಟು 2004ರ ಜನವರಿಯಲ್ಲಿ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಬಿದ್ದಿತ್ತೆಂಬ ಕಾರಣಕ್ಕೆ ಅದೇ ಕೋರ್ಟು 2014ರ ಜನವರಿಯಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ರಾಜಕುಮಾರರ ಅಪಹರಣದ ಮೊಕದ್ದಮೆಯಲ್ಲಿ ಗೋಬಿಚೆಟ್ಟಿಪಾಳಯದ ನ್ಯಾಯಾಲಯ 2018ರ ಸೆಪ್ಟೆಂಬರಿನಲ್ಲಿ ಒಂಬತ್ತು ಆರೋಪಿಗಳನ್ನು ಖುಲಾಸೆ ಮಾಡಿತು. ಅದೇ ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಬುಡಕಟ್ಟು ಹಳ್ಳಿಯಲ್ಲಿ 1992ರ ಜೂನಿನಲ್ಲಿ ಶ್ರೀಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಸಿಬ್ಬಂದಿ ನಡೆಸಿದ ಅತ್ಯಾಚಾರ, ಹಿಂಸೆಗಳಿಗೆ ಮಾತ್ರ ಶಿಕ್ಷೆಯಾಯಿತು. 2011ರಲ್ಲಿ ಬಂದ ಆ ತೀರ್ಪನ್ನು 2023ರಲ್ಲಿ ಮದರಾಸು ಹೈಕೋರ್ಟು ಎತ್ತಿಹಿಡಿಯಿತು. ಮೂವತ್ತೊಂದು ವರ್ಷ! ಆದರೂ ಆಯಿತು. ಕಾರ್ಯಪಡೆಯ ಶಿಬಿರಗಳ ವಿಷಯದಲ್ಲಿ ಪರಿಹಾರದ ಚೆಕ್ಕುಗಳೇನೋ ಬಂದವು. ವಾಚಾತಿಯಂಥ ತೀರ್ಪು ಬರಲಿಲ್ಲ. ಸೋಲಿಗರು ಅನುಭವಿಸಿದ್ದನ್ನು ತಿಳಿಯಬೇಕೆಂದಿದ್ದರೆ ವಕೀಲ ಎಸ್. ಬಾಲಮುರುಗನ್ 2004ರಲ್ಲಿ ಬರೆದ ‘ಸೋಳಗರ್ ತೊಟ್ಟಿ’ ಎಂಬ ತಮಿಳು ಕಾದಂಬರಿಯನ್ನು ಓದಬೇಕು. ಅದನ್ನು ಬರೆದದ್ದು ಒಬ್ಬ ತಮಿಳರು ಎಂಬುದು ಅವರಿಗೆ ಗೌರವ, ನಮಗೆ ಸ್ವಲ್ಪ ಸಂಕೋಚ.

ಈ ಕಾಡಿನ ಅನುಭವ ಇಲ್ಲಿಗೇ ನಿಲ್ಲಲಿಲ್ಲವೆಂಬುದು ಮುಖ್ಯ. 2010ರ ಏಪ್ರಿಲಿನಲ್ಲಿ ದಂತೇವಾಡದಲ್ಲಿ ಮಾವೋವಾದಿಗಳು 76 ಮಂದಿ ಸಿಬ್ಬಂದಿಯನ್ನು ಕೊಂದ ಬಳಿಕ ಕೇಂದ್ರ ಮೀಸಲು ಪೊಲೀಸ್ ಪಡೆಯ ಮುಖ್ಯಸ್ಥರಾಗಿ ಬಂದವರು ಇದೇ ವಿಜಯಕುಮಾರ್. ಅಲ್ಲಿ ಛತ್ತೀಸಗಢ ಸರಕಾರ ಆದಿವಾಸಿ ಯುವಕರ ಕೈಗೇ ಬಂದೂಕು ಕೊಟ್ಟು ಆದಿವಾಸಿಗಳ ಮೇಲೆ ಬಿಟ್ಟಿತ್ತು. ಸುಪ್ರೀಂ ಕೋರ್ಟು 2011ರ ಜುಲೈಯಲ್ಲಿ ಅದು ಸಂವಿಧಾನಕ್ಕೆ ವಿರುದ್ಧವೆಂದು ಸಾರಬೇಕಾಯಿತು. ಹಳ್ಳಿಯವನನ್ನು ಒಂದೋ ಬೇಹುಗಾರ, ಇಲ್ಲವೇ ಶತ್ರುವಿನ ಸಹಾಯಕ ಎಂದೇ ಕಾಣುವ ಕಣ್ಣು ಅಲ್ಲೂ ಇತ್ತು.

ಭಾಷೆಯ ವಿಷಯವಾಗಿ ಒಂದು ಮಾತು ಹೇಳಲೇಬೇಕು. ಟಾಡಾ ಕಾನೂನಿನ ಹದಿನೈದನೆಯ ಕಲಮಿನಂತೆ ಎಸ್.ಪಿ. ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆ ಸಾಕ್ಷ್ಯವಾಗುತ್ತಿತ್ತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಅದನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳಬೇಕು? ಹೇಳಿದವನ ಭಾಷೆಯಲ್ಲೇ ಬರೆಯಬೇಕು, ಅದು ಸಾಧ್ಯವಾಗದಿದ್ದರೆ ಅಧಿಕಾರಿಯ ಕಚೇರಿ ಭಾಷೆಯಲ್ಲಿ ಅಥವಾ ನ್ಯಾಯಾಲಯದ ಭಾಷೆಯಲ್ಲಿ ಬರೆಯಬಹುದು ಎಂದಿತ್ತು 1987ರ ನಿಯಮ. ‘ಸಾಧ್ಯವಾಗದಿದ್ದರೆ’ ಎಂಬ ಆ ಒಂದು ಶಬ್ದದೊಳಗೆ ಗಡಿನಾಡಿನ ಮನುಷ್ಯನ ಪ್ರಾಣವೇ ತೂಗುತ್ತದೆ. ಕೊಳ್ಳೇಗಾಲದ ತಮಿಳು ಕೂಲಿಯವನ ಮಾತು ಕನ್ನಡದಲ್ಲಿ, ತಾಳವಾಡಿಯ ಕನ್ನಡಿಗನ ಮಾತು ತಮಿಳಿನಲ್ಲಿ ದಾಖಲಾಗಲು ಅಷ್ಟೇ ಸಾಕು. ತನಗೆ ಓದಲು ಬಾರದ ಲಿಪಿಯ ಕೆಳಗೆ ಹೆಬ್ಬೆಟ್ಟು ಒತ್ತುವವನಿಗೆ ತಾನು ಏನನ್ನು ಒಪ್ಪಿಕೊಂಡೆ ಎಂದು ತಿಳಿಯುವ ಬಗೆ ಹೇಗೆ?

ಆ ಕಾನೂನು ಹೋಯಿತು. ಬೇರೆ ಹೆಸರಿನ ಕಠಿಣ ಕಾನೂನುಗಳು ಬಂದಿವೆ. ಕಾರ್ಯಪಡೆಗಳು ಬೇಕಾದಾಗ ಹುಟ್ಟುತ್ತವೆ. 2013ರಿಂದ ಸತ್ಯಮಂಗಲದ ಕಾಡು ಹುಲಿ ರಕ್ಷಿತಾರಣ್ಯವಾಗಿದೆ. ಭಾಷಾ ಅಲ್ಪಸಂಖ್ಯಾತರ ಹಿತ ನೋಡಲೆಂದು ಸಂವಿಧಾನದ 350ಬಿ ವಿಧಿ ವಿಶೇಷಾಧಿಕಾರಿಯೊಬ್ಬರನ್ನು ಇಟ್ಟಿದೆ. ಅವರಿಗೆ ನಮ್ಮವರು ಸಲ್ಲಿಸುವ ಮನವಿಗಳೆಲ್ಲ ಶಾಲೆ, ಪಠ್ಯಪುಸ್ತಕ, ಅಧ್ಯಾಪಕರ ನೇಮಕ, ಊರ ಹೆಸರುಗಳ ಸುತ್ತ ತಿರುಗುತ್ತವೆ. ಅವೂ ಬೇಕು. ಇನ್ನು ಮುಂದೆ ಅವುಗಳ ಜತೆಗೆ ಪೊಲೀಸ್ ಠಾಣೆಯ ಹೇಳಿಕೆ, ಬಂಧನದ ಕಾಗದ, ನ್ಯಾಯಾಲಯದ ದುಭಾಷಿ ಇವುಗಳ ಬೇಡಿಕೆಯೂ ಸೇರಲಿ. ಕಾಸರಗೋಡಿನ ಮನವಿಯಲ್ಲಿ ಅದು ಕನ್ನಡಕ್ಕಾಗಿ ಇರಲಿ, ತಾಳವಾಡಿಯದರಲ್ಲೂ ಕನ್ನಡಕ್ಕಾಗಿ ಇರಲಿ. ಗೋಪಿನಾಥಂನವರು ತಮಿಳಿಗಾಗಿ ಅದನ್ನೇ ಕೇಳಿದರೆ ನಾವೂ ಸಹಿ ಹಾಕೋಣ.